“ಏನ್ ಬಂದೈತವ್ವಾ ಇದರಾಗ?”

“ಈಕಿ ಡಿಗ್ರಿ ಕಲಿಯೂದಾ? ಆಗದ ಮಾತು ತಗಿ. ಇದ್ದಷ್ಟು ದಿನ ಮನ್ಯಾಗ ಉಂಡು ಸುಖವಾಗಿರ್ಲಿ” ಎಂದವರು ನಮ್ಮ ಸೋದರತ್ತೆ. ಆಗ ನನಗೆ ಹತ್ತು ವರ್ಷ. ರಕ್ತದ ಕ್ಯಾನ್ಸರಿನ ಔಷಧಕ್ಕೆ ತಲೆಗೂದಲೆಲ್ಲ ಉದುರಿತ್ತು. ಅತ್ತೆಯದು ಕೆಟ್ಟ ಮನಸ್ಸಲ್ಲ. ಉಳಿಯುತ್ತೇನೆಂಬ ನಂಬಿಕೆ ನನಗೂ ಇರಲಿಲ್ಲ.

ಗುಣವಾದ ಮೇಲೂ ಸಣ್ಣ ಜ್ವರ ಬಂದರೆ ಆ ಜಡ್ಡೇ ಮರಳಿತೆಂದು ಹೆದರುತ್ತಿದ್ದೆ. ಹಾಗಿದ್ದರೂ ನಮ್ಮೂರು ನಾಗನೂರಿನಿಂದ ಗೋಕಾಕಕ್ಕೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು.

ಮೊನ್ನೆ ಕಾಲೇಜಿನಿಂದ ಸರ್ಟಿಫಿಕೇಟ್ ತಂದವಳು, ಖುಷಿಯಲ್ಲಿ ಏನೂ ಹೇಳದೆ, ಕುರಿಗಳಿಗೆ ನೀರು ಕುಡಿಸುತ್ತಿದ್ದ ಅಪ್ಪನ ಕೈಗೆ ಕೊಟ್ಟೆ. ಅಪ್ಪನಿಗೆ ಓದಲು ಬರುವುದಿಲ್ಲ. ಕೈ ಒರೆಸಿಕೊಂಡು ಹಿಡಿದವನ ಮುಖ ಸಪ್ಪಗಾಯಿತು.

“ಏನ್ ಬಂದೈತವ್ವಾ ಇದರಾಗ?”

ದವಾಖಾನೆಯ ರಿಪೋರ್ಟು ಬಂದಾಗಲೆಲ್ಲ ಅವನು ಇದೇ ದನಿಯಲ್ಲಿ ಕೇಳುತ್ತಿದ್ದ. ನನ್ನ ಹೆಸರಿನ ಕಾಗದವೆಂದರೆ ಅವನಿಗೆ ಗೊತ್ತಿದ್ದುದು ಅದೊಂದೇ. ನನ್ನ ಮದುವೆಗೆ ಅಡ್ಡಿಯಾದೀತೆಂದು ಆ ರಿಪೋರ್ಟುಗಳನ್ನೆಲ್ಲ ಯಾರಿಗೂ ಕಾಣದಂತೆ ಟ್ರಂಕಿನ ತಳಕ್ಕೆ ಹಾಕಿದ್ದೆವು.

“ನಾ ಪಾಸಾಗೇನಿ ಅಂತ ಬಂದೈತಿ, ಅಪ್ಪಾ. ಜಡ್ಡಿನ ಸುದ್ದಿ ಏನೂ ಇಲ್ಲ.”

ಅಪ್ಪ ಅದನ್ನು ಎರಡೂ ಕೈಯಿಂದ ನನಗೆ ವಾಪಸ್ ಕೊಟ್ಟು ಅಂದ: “ಹಂಗಾರ ಇದನ್ನ ಮುಚ್ಚಿ ಇಡಬ್ಯಾಡವ್ವಾ, ಗ್ವಾಡಿಗೆ ಮೊಳಿ ಬಡದು ತೂಗಹಾಕು. ಯಾರರ ಕೇಳಿದ್ರ ಜಡ್ಡಿಂದೂ ಹೇಳು. ಎದ್ದು ಬಂದಾಕಿ ನೀನು.”