ಪಕ್ಕದ ಮನೆಯ ಬೀಗದ ಕೈ

ಹಟ ನಮ್ಮ ಯಜಮಾನರದು ನಿಜ, ಆದರೆ ತಲೆಯಾಡಿಸಿದವಳು ನಾನು. ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್‌ನ ನಮ್ಮ ಮನೆಗೆ ಕಳ್ಳರ ಅಲಾರ್ಮ್ ಹಾಕಿಸಿದಾಗ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ಇಬ್ಬರ ಹೆಸರು ಕೊಡಬೇಕಿತ್ತು. ನಾವಿಲ್ಲದಾಗ ಅದು ಸುಮ್ಮಸುಮ್ಮನೆ ಹೊಡೆದುಕೊಂಡರೆ ಬಂದು ನಿಲ್ಲಿಸಲು ನಮ್ಮ ಬೀಗದ ಕೈ ಇಟ್ಟುಕೊಂಡವರು ಬೇಕು ಎಂಬುದು ನಿಯಮ. ಪಕ್ಕದ ಮನೆಯ ಇಂಗ್ಲಿಷ್ ಹೆಂಗಸು, ಬೇಕಾದರೆ ನನ್ನ ಹೆಸರು ಕೊಡಿ, ನಾನು ಸದಾ ಮನೆಯಲ್ಲೇ ಇರುತ್ತೇನಲ್ಲ, ಎಂದಿದ್ದರು. ಹಿತ್ತಲ ಗಿಡ ಮದ್ದಲ್ಲ ನೋಡಿ! ದೇವರ ಮನೆ, ಬೆಳ್ಳಿ ಸಾಮಾನು ಇರುವ ಕಡೆ ಹೊರಗಿನವರ ಕೈಗೆ ಬೀಗದ ಕೈಯೇ ಎಂದುಕೊಂಡು, ಕಾರು ಹತ್ತಿ ಹೋಗಬೇಕಾದ ಎರಡು ಕನ್ನಡ ಮನೆಗಳಿಗೆ ಕೊಟ್ಟೆವು.

ಗಣೇಶನ ಹಬ್ಬದ ಭಾನುವಾರ ಎರಡು ಗಂಟೆ ದಾರಿಯ ಹಡರ್ಸ್‌ಫೀಲ್ಡ್‌ನ ಒಂದು ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ನಮ್ಮ ಬೀಗದ ಕೈ ಇದ್ದವರೂ ಅಲ್ಲೇ ಇದ್ದರು, ಇನ್ನೆಲ್ಲಿಗೆ ಹೋದಾರು? ಒಬ್ಬರು ಬಿಸಿಬೇಳೆ ಬಾತ್ ಬಡಿಸುತ್ತಿದ್ದರು, ಇನ್ನೊಬ್ಬರು ಮಕ್ಕಳ ಹಾಡಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಎಲ್ಲರ ಫೋನುಗಳೂ ಸದ್ದಡಗಿಸಿಕೊಂಡು ಚೀಲ ಸೇರಿದ್ದವು. ಹಬ್ಬದ ದಿನ ನಾವು ಮನೆ ಬಿಟ್ಟರೆ ನಮ್ಮವರೂ ಮನೆ ಬಿಟ್ಟಿರುತ್ತಾರೆ ಎಂಬಷ್ಟು ಬುದ್ಧಿ ನಮಗೆ ಇರಲಿಲ್ಲ.

ಬೆಳಗ್ಗೆ ಹೊರಡುವಾಗ ದೀಪದ ಹೊಗೆ ಹೋಗಲೆಂದು ನಾನು ನಮ್ಮ ದೇವರ ಮನೆಯ ಕಿಟಕಿಯನ್ನು ಚೂರು ತೆರೆದಿಟ್ಟಿದ್ದೆ. ಆ ಗಾಳಿಗೆ ಗಣಪನ ಮಂಟಪಕ್ಕೆ ಕಟ್ಟಿದ್ದ ಬಣ್ಣದ ಕಾಗದದ ಮಾಲೆ ಓಲಾಡಿತ್ತು. ಅಲಾರ್ಮ್ ಅದನ್ನೇ ಕಳ್ಳನೆಂದು ತಿಳಿದು ಅರಚಲು ಶುರುಮಾಡಿತ್ತು. ಊಟ ಮುಗಿಸಿ ಫೋನ್ ನೋಡಿದರೆ ಕೌನ್ಸಿಲ್‌ನಿಂದ ಕರೆಯ ಮೇಲೆ ಕರೆ. ಎದ್ದುಬಿದ್ದು ಬಂದೆವು. ಅಷ್ಟರಲ್ಲಿ ಕೌನ್ಸಿಲ್‌ನವರೇ ಏಣಿ ಹಾಕಿ ಗೋಡೆಯ ಮೇಲಿನ ಅಲಾರ್ಮ್ ಡಬ್ಬಿಯ ಬಾಯಿ ಮುಚ್ಚಿಸಿದ್ದರು. ನಮಗೂ ಸರಿಯಾಗಿ ಮಂಗಳಾರತಿಯಾಯಿತು.

ಅದು ಹಾಳಾಗಲಿ. ಸಂಜೆ ಪಕ್ಕದ ಮನೆಯಾಕೆಯ ಕಾರು ಬಂತು. ಮುಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಅವರ ಗಂಡ ಕೂತಿದ್ದರು. ಪಾರ್ಶ್ವವಾಯು ಹೊಡೆದು, ಆ ವಾರವಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಜೀವ. ಆ ಸದ್ದು ತಾಳಲಾರದೆ ಒದ್ದಾಡಿದಾಗ ಆಕೆ ಒಬ್ಬರೇ ಅವರನ್ನು ಹೇಗೋ ಕಾರಿಗೆ ಹತ್ತಿಸಿ, ಮಧ್ಯಾಹ್ನವೆಲ್ಲ ಸೂಪರ್‌ಮಾರ್ಕೆಟ್ ಕಾರ್‌ಪಾರ್ಕಿನಲ್ಲಿ ಕೂತಿದ್ದರಂತೆ. ನನ್ನ ಕೈಯಲ್ಲಿ ಅವರಿಗೆಂದು ತಂದ ಮೋದಕದ ಡಬ್ಬಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇವರು ಅತ್ತುಬಿಟ್ಟರು. ನಿಮ್ಮ ಬೀಗದ ಕೈ ಯಾರ ಹತ್ತಿರ ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ," ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಓಡಿಹೋಗಿ ನಮ್ಮ ಇನ್ನೊಂದು ಬೀಗದ ಕೈ ತಂದು ಅವರ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ.

"ಈಗ ಬೇಡ. ಇವರನ್ನ ಬಿಟ್ಟು ಬರೋಕೆ ಇನ್ನು ನನಗೆ ಆಗಲ್ಲ."

ಒಳಗೆ ಬಂದು ಅದನ್ನು ಅಡುಗೆಮನೆಯ ಮೊಳೆಗೆ ಮತ್ತೆ ತಗುಲಿಸಿದೆ. ಪಕ್ಕದ ಮೊಳೆಯಲ್ಲಿ ಅವರ ಮನೆಯ ಬೀಗದ ಕೈ ನೇತಾಡುತ್ತಿತ್ತು. ನಾವು ಈ ಬೀದಿಗೆ ಬಂದ ಮೊದಲ ಬೇಸಿಗೆಯಲ್ಲೇ, ನಾವು ಕೇಳದೆಯೇ, ಇರಲಿ ಎಂದು ಕೊಟ್ಟಿದ್ದು. ಅದನ್ನು ವಾಪಸ್ ಕೊಡಿ ಎಂದು ಅವರು ಇವತ್ತಿನವರೆಗೂ ಕೇಳಿಲ್ಲ. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು.