ಹೊಗೆಗೂಡಿನೊಳಗಿನ ಕೂಗು

ವೇಲ್ಸ್‌ನ ನಮ್ಮ ಗುಡ್ಡದೂರಿನಲ್ಲಿ ಹಳೆಯ ಬೆಂಕಿಗೂಡಿಗೆ ಕಬ್ಬಿಣದ ಸೌದೆ ಒಲೆ ಕೂರಿಸಬೇಕಾದರೆ, ಬಿರುಕುಬಿಟ್ಟ ಹೊಗೆಗೂಡಿನೊಳಗೆ ಹೊಗೆ ಸೋರದಂತೆ ಉಕ್ಕಿನ ಕೊಳವೆ ಇಳಿಸಲು ಎಮ್ಲಿನ್ನನೇ ಬರಬೇಕು. ಬಂದವನು ಒಲೆಯ ಕಡೆ ನೋಡುವುದೇ ಇಲ್ಲ, ಹೊಗೆಗೂಡಿಗೆ ತಲೆ ತೂರಿಸಿ, ಡಾಕ್ಟರು ಗಂಟಲು ನೋಡುವಂತೆ ನೋಡಿ, "ಯಾವ ಪುಣ್ಯಾತ್ಮ ಕಟ್ಟಿದ್ನಪ್ಪಾ ಇದನ್ನ!" ಎಂದು ಎಂದೋ ಸತ್ತ ಗಾರೆಯವನನ್ನು ಬೈಯುತ್ತಾನೆ. ಒಳಗೆ ಕಾಗೆಗೂಡು ಸಿಕ್ಕರಂತೂ ಕಾಗೆಯ ವಂಶವನ್ನೇ ಜಾಲಾಡುತ್ತಾನೆ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ, "ಮಸಿ ತಿಂದ ಬಾಯಿಗೆ ಇಷ್ಟೇನಾ?" ಎನ್ನುತ್ತಾನೆ. ಅವನು ಅಂಗಿ ಕೊಡವಿದರೆ ಬೀದಿಯವರೆಲ್ಲ ಒಣಹಾಕಿದ ಬಟ್ಟೆಯನ್ನು ಮತ್ತೆ ಒಗೆಯಬೇಕು. ಆಮೇಲೆ ಛಾವಣಿ ಹತ್ತಿ, ಬಳುಕುವ ಕೊಳವೆಯ ಮೂತಿಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಕೆಳಗೆ ಬಿಟ್ಟು, "ನೆಸ್ಟಾ, ಹಿಡ್ಕೊಂಡ್ಯೇನೇ?" ಎಂದು ಕೂಗುತ್ತಾನೆ. ಒಲೆಯ ಬಳಿ ಕೂತು ಹಗ್ಗ ಎಳೆಯುತ್ತಿದ್ದವಳು ಅವನ ಹೆಂಡತಿ ನೆಸ್ಟಾ. ಅವಳನ್ನು ಚರ್ಚಿನ ಹಿಂದೆ ಮಣ್ಣು ಮಾಡಿದ್ದೇವೆ. ಕೂಗು ಮಾತ್ರ ನಿಂತಿಲ್ಲ. ಹಾಗಾಗಿ ನಮ್ಮೂರಲ್ಲಿ ಕೆಳಗೆ ಹಗ್ಗ ಹಿಡಿದವರು ಯಾರೇ ಇರಲಿ, ಮೀಸೆ ಹೊತ್ತ ಗಂಡಸಾಗಲಿ, ಪಾದ್ರಿಯೇ ಆಗಲಿ, "ಹಿಡ್ಕೊಂಡೆ, ಇಳಿಸು ಮಾರಾಯಾ" ಎಂದು ಅವಳ ಹಾಗೆಯೇ ಉತ್ತರ ಕೊಡುತ್ತಾರೆ. ಮೊನ್ನೆ ಪಕ್ಕದ ಮನೆಯಲ್ಲಿ ಹಗ್ಗ ಹಿಡಿದವಳು ಲಂಡನ್ನಿನಿಂದ ಹೊಸದಾಗಿ ಬಂದ ಹೆಂಗಸು. ಮೇಲಿನಿಂದ ಅದೇ ಕೂಗು ಬಂತು. ನೋಡಲು ಹೋಗಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, "ನೆಸ್ಟಾ ಅನ್ನೋರು ಇಲ್ಲಿ ಯಾರೂ ಇಲ್ಲಪ್ಪಾ!" ಎಂದು ಮೇಲಕ್ಕೆ ಕೂಗಿಬಿಟ್ಟಳು. ಕೊಳವೆ ಇಳಿಯಲಿಲ್ಲ. ಮೇಲೆ ಅವನು ಹಿಡಿದಿದ್ದ ಕೊಳವೆಯಿಂದ ಅವಳ ಕೈಗೆ ಇಳಿದಿದ್ದ ಹಗ್ಗ ಮಾತ್ರ ಸಣ್ಣಗೆ ನಡುಗುತ್ತಲೇ ಇತ್ತು.