ಹೊಸ್ತಿಲು ಕಿತ್ತ ವಾಡೆ

೧೯೮೬ರಲ್ಲಿ, ಆರನೇ ಇಯತ್ತೆಗೆ ನನ್ನ ಶಾಲೆ ಮುಗಿಯಿತು. ಅಪ್ಪ ತೀರಿಕೊಂಡಿದ್ದ, ಶಿಗ್ಗಾವಿಗೆ ಹೋಗಿ ಮನೆ ಕಟ್ಟುವ ಗೌಂಡಿಯೊಬ್ಬನ ಕೈಕೆಳಗೆ ಕಲ್ಲು ಹೊರತೊಡಗಿದೆ. ಅವ್ವ ಊರಲ್ಲೇ ಉಳಿದು ದೇಸಾಯರ ವಾಡೆಯ ದನದ ಕೊಟ್ಟಿಗೆ ಬಳಿಯುತ್ತಿದ್ದಳು. ಸಂಜೆ ಹೆಬ್ಬಾಗಿಲಿಗೆ ಬಂದು, ಚಪ್ಪಲಿ ಕಳಚಿ, ಹೊಸ್ತಿಲಿನಿಂದ ಒಂದು ಮೊಳ ಈಚೆ ನಿಂತು "ಅವ್ವಾರ" ಎಂದು ಕೂಗಬೇಕು. ಒಳಗಿನವರು ಒಳಗೇ ನಿಂತು ಮೊರದಿಂದ ಕೂಲಿಯ ಜೋಳ ಸುರಿಯುವರು, ಇವಳು ಸೆರಗೊಡ್ಡುವಳು. ನಮ್ಮ ಕೇರಿಯವರಿಗೆಲ್ಲ ಅದೇ ರೀತಿ. ಆ ಬಾಗಿಲು ದಾಟಿಸಿ ಅವ್ವನನ್ನು ಪಡಸಾಲೆಯಲ್ಲಿ ಕೂರಿಸಬೇಕು ಎಂಬ ಒಂದೇ ಹಟದಲ್ಲಿ ನಾನು ದುಡಿದೆ. ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೋದ ವರ್ಷ ಸ್ವಂತ ಕಾರಿನಲ್ಲಿ ಅವಳನ್ನು ಕರೆದುಕೊಂಡು ಹೋದೆ. ದೇಸಾಯರ ಮನೆತನ ಎಂದೋ ಊರು ಬಿಟ್ಟಿತ್ತು. ವಾಡೆ ಬಿದ್ದಿದೆ ಎಂದು ಗೊತ್ತಿತ್ತು, ಇಷ್ಟು ಎಂದು ಗೊತ್ತಿರಲಿಲ್ಲ. ಮಾಳಿಗೆಯ ಮಣ್ಣು ಕುಸಿದು ಪಡಸಾಲೆ ತುಂಬಿ, ಅದರ ಮೇಲೆ ಜಾಲಿ ಬೆಳೆದಿತ್ತು. ತೇಗದ ಕಂಬ ಒಂದೂ ಇರಲಿಲ್ಲ. ಹೆಬ್ಬಾಗಿಲನ್ನು ಚೌಕಟ್ಟು, ಹೊಸ್ತಿಲು ಸಮೇತ ಯಾರೋ ಕಿತ್ತೊಯ್ದಿದ್ದರು. ಎರಡು ಕಡೆ ಮೊಂಡು ಗೋಡೆ, ನಡುವೆ ಬಯಲು.

ಅವ್ವ ಕಾರಿನಿಂದ ಇಳಿದವಳೇ ಚಪ್ಪಲಿ ಬಿಟ್ಟಳು. ನಾಲ್ಕು ಹೆಜ್ಜೆ ಹಾಕಿ, ನಿಂತು, ನೆಲ ನೋಡತೊಡಗಿದಳು.

"ಹೊಸ್ತಲಾ ಎಲ್ಲೈತೋ?"

"ಇಲ್ಲಬೇ, ಕಿತ್ಕೊಂಡ್ ಹೋಗ್ಯಾರ. ನಡಿ ಒಳಗ."

"ಅದು ಕಾಣಲಿಲ್ಲಂದ್ರ ನಾ ಎಲ್ಲಿ ನಿಂದರ್ಲೋ?"

ಹಾಗೆಂದು ಹಿಂದಕ್ಕೆ ಸರಿದಳು. ಬೇವಿನ ಮರದ ತನಕ ಸರಿದಳು. ಮೊದಲು ಮೊಳ ದೂರ ನಿಲ್ಲುತ್ತಿದ್ದವಳು ಈಗ ಹತ್ತು ಮಾರು ದೂರ.

ಬಿದ್ದ ಗೋಡೆಯ ಮೇಲೆ ಕುಳಿತು ಆಡು ಮೇಯಿಸುತ್ತಿದ್ದ ಮುದುಕ ನಕ್ಕ. "ಯವ್ವಾ, ನನ್ನ ಆಡು ದೇಸಾಯರ ದೇವರಮನ್ಯಾಗ ಹಿಕ್ಕಿ ಹಾಕ್ಯಾವ. ನೀ ಒಬ್ಬಾಕಿ ಬಂದ್ರ ಮೈಲಿಗಿ ಆಗತೈತೇನ?"

"ಆಡಿಗೆ ಯಾರ್ ಬೈತಾರಪಾ," ಎಂದಳು ಅವ್ವ.

"ನಿನಗರ ಬೈಯಾಕ ಯಾರದಾರ ಇಲ್ಲಿ?" ನಾನು ರೇಗಿದೆ. "ನಿನ್ನ ಒಳಗ ಕುಂಡ್ರಸಾಕಂತನ ಬಂದೇನಿ. ನನ್ನ ಸಲುವಾಗ್ಯಾರ ಬಾ."

"ಕರಿಯವ್ರು ಇಲ್ಲದ ಮನಿಗೆ ಹ್ಯಾಂಗ ಹೋಗ್ಲೋ? ನೀ ಹೋಗಿ ಬಾ. ನಾ ಇಲ್ಲೇ ಇರ್ತೇನಿ."

ನಾನೊಬ್ಬನೇ ಹೋದೆ. ಮಣ್ಣಿನ ದಿಬ್ಬ ಹತ್ತಿ ಪಡಸಾಲೆ ಇದ್ದ ಜಾಗದಲ್ಲಿ ನಿಂತೆ. ಎದೆಯೊಳಗೆ ಏನೂ ಆಗಲಿಲ್ಲ. ಬಾ ಎನ್ನುವವರೂ ಇಲ್ಲ, ಹೋಗು ಎನ್ನುವವರೂ ಇಲ್ಲ. ಯಾರ ಮುಂದೆ ಗೆದ್ದೆ ಎನ್ನಲಿ? ತಿರುಗಿ ನೋಡಿದರೆ ಅವ್ವ ಸೆರಗು ತಲೆಗೆಳೆದುಕೊಂಡು ಮರದ ಕೆಳಗೆ ನಿಂತೇ ಇದ್ದಳು, ಕೂತಿರಲಿಲ್ಲ.

ಆ ಮಳೆಗಾಲದಲ್ಲಿ ಅವ್ವ ತೀರಿಕೊಂಡಳು.

ಈಗ ನನ್ನ ಹತ್ತಿರ ಶಿಗ್ಗಾವಿಯಲ್ಲಿ ಎರಡು ಅಂತಸ್ತಿನ ಮನೆ, ಒಂದು ಕಾರು, ಒಂದು ಕಾಂಕ್ರೀಟ್ ಮಶಿನ್ನು, ದುಂಡಸಿ ದಾರಿಯಲ್ಲಿ ಮೂರು ಎಕರೆ ಹೊಲ ಇವೆ.